ಕೆರೆಯ ಹಕ್ಕಿಗಳ ಹೊಸ ಜಾಗ

ನಮ್ಮೂರಿನ ಕಚೇರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಟೈಪ್ ಮಿಷನ್ನಿನ ಮುಸುಕು ತೆಗೆದ ಕೂಡಲೇ ಕೆರೆಗೆ ಹಕ್ಕಿಗಳು ಇಳಿಯುತ್ತವೆ. ನಲವತ್ತಾರು ಹಕ್ಕಿ, ನಾಲ್ಕು ಸಾಲು. ಮಿಷನ್ನಿನ ಮೇಲೆ ಕೀಗಳು ಹೇಗೆ ಕೂತಿವೆಯೋ ನೀರಿನ ಮೇಲೆ ಇವೂ ಹಾಗೇ ಕೂರುತ್ತವೆ. ಟೈಪಿಸ್ಟು ಒಂದು ಕೀ ಒತ್ತಿದರೆ ಆ ಕೀಯ ಹಕ್ಕಿ ಮೇಲೆದ್ದು, ಏರಿಯ ಮೇಲೆ ಒಂದು ಸುತ್ತು ಹಾಕಿ, ಮತ್ತೆ ತನ್ನ ಜಾಗಕ್ಕೇ ಬಂದು ಕೂರುತ್ತದೆ. ಒಂದು ಕೀಯಲ್ಲಿ ಎರಡಕ್ಷರ ಇರುತ್ತದಲ್ಲ, ಕೆಳಗಿನ ಅಕ್ಷರವಾದರೆ ಬಲಕ್ಕೆ ಸುತ್ತುತ್ತದೆ, ಮೇಲಿನದಾದರೆ ಎಡಕ್ಕೆ. ಪದಗಳ ನಡುವೆ ಜಾಗ ಬಿಡುವ ಉದ್ದನೆಯ ಕೀ ಒತ್ತಿದಾಗ ಯಾವ ಹಕ್ಕಿಯೂ ಏಳುವುದಿಲ್ಲ, ಕೆರೆಯ ನೀರು ಮಾತ್ರ ಒಮ್ಮೆ ಸಣ್ಣಗೆ ನಡುಗುತ್ತದೆ. ಸಂಜೆ ಐದಕ್ಕೆ ಮುಸುಕು ಹಾಕಿದರೆ ಎಲ್ಲವೂ ಎದ್ದು ಹೋಗುತ್ತವೆ. ಎಲ್ಲಿಗೆ ಹೋಗುತ್ತವೆಂದು ನನ್ನ ತಾತ ಕೇಳಿರಲಿಲ್ಲ, ನಾನೂ ಕೇಳಿಲ್ಲ.

ಆದ್ದರಿಂದ ನಮ್ಮಲ್ಲಿ ಗುಟ್ಟಿನ ಅರ್ಜಿ ಅಂತ ಇಲ್ಲ. ಯಾರು ಯಾರ ಮೇಲೆ ದೂರು ಕೊಟ್ಟರು, ಯಾರಿಗೆ ಸೈಟು ಬೇಕಂತೆ, ಯಾರ ಮಗಳು ಗಂಡನ ಮನೆಯಿಂದ ವಾಪಸು ಬಂದಳು, ಎಲ್ಲ ಆಕಾಶದಲ್ಲೇ ಬಂದುಹೋಗುತ್ತದೆ. ಮುಚ್ಚಿಡಬೇಕಾದ ವಿಷಯ ಇದ್ದವರು ಮಂಜು ಕವಿದ ಬೆಳಿಗ್ಗೆಗೆ ಕಾಯುತ್ತಾರೆ. ಅಂಥ ದಿನ ಕಚೇರಿಯ ಜಗುಲಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ.

ನನ್ನ ಹೆಸರು ದಸ್ತಗೀರ್. ಕಚೇರಿ ರಸ್ತೆಯಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಹೊಲಿಗೆ ಮಿಷನ್ನು, ಬೀಗ, ಸೀಮೆಎಣ್ಣೆ ಸ್ಟೌ, ಛತ್ರಿ, ಕೈಗೆ ಬಂದದ್ದನ್ನೆಲ್ಲ ಬಿಚ್ಚಿ ಜೋಡಿಸುತ್ತೇನೆ. ವರ್ಷಕ್ಕೆರಡು ಸಲ ಕಚೇರಿಯ ಟೈಪ್ ಮಿಷನ್ನಿಗೆ ಎಣ್ಣೆ ಬಿಡುವ ಕೆಲಸವೂ ನನ್ನದೇ. ಈಗ ಹೇಳುವ ಸಂಗತಿಯಲ್ಲಿ ನನ್ನ ಕೈವಾಡ ಇದೆಯಾದರೂ ಅದು ನಡೆದದ್ದು ಸರಸಿಜಮ್ಮನಿಗೆ.

ಸರಸಿಜಮ್ಮ ಆ ಮಿಷನ್ನಿನ ಮುಂದೆ ಕೂರಲು ಶುರುಮಾಡಿ ಇಪ್ಪತ್ತಾರು ವರ್ಷವಾಗಿತ್ತು. ಹಿಟ್ಟಿನ ಗಿರಣಿಯ ಹಿಂದೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ತೆಳ್ಳನೆಯ ಹೆಂಗಸು, ಮಾತು ಕಡಿಮೆ, ತಪ್ಪು ಅದಕ್ಕಿಂತ ಕಡಿಮೆ. ಅವರು ಟೈಪು ಮಾಡಿದ ಕಾಗದದಲ್ಲಿ ಒಂದಕ್ಷರ ಹೊಡೆದು ತಿದ್ದಿದ್ದನ್ನು ನಾನು ಕಂಡಿಲ್ಲ. ನೋವು ಮೊದಲು ಬಂದದ್ದು ಎಡಗೈಯ ಕಿರುಬೆರಳಿಗೆ. ಅಲ್ಲಿಂದ ಮಣಿಕಟ್ಟಿಗೆ ಇಳಿಯಿತು, ಆಮೇಲೆ ಬಲಗೈಗೂ ಬಂತು. ಒಗೆದ ಸೀರೆ ಹಿಂಡಲಾಗದೆ ನೀರು ತೊಟ್ಟಿಕ್ಕುವ ಹಾಗೇ ಹಗ್ಗದ ಮೇಲೆ ಹಾಕಿ ಕಚೇರಿಗೆ ಬರುತ್ತಿದ್ದರಂತೆ. ಜಡೆ ಹೆಣೆಯುವುದನ್ನು ಬಿಟ್ಟು ಗಂಟು ಕಟ್ಟಿಕೊಳ್ಳತೊಡಗಿದ್ದರು. ಡಾಕ್ಟರು ಮೂರು ತಿಂಗಳು ಕೈಗೆ ಕೆಲಸ ಕೊಡಬೇಡಿ ಎಂದಿದ್ದರು. ಶಿರಸ್ತೇದಾರ್ ಚನ್ನಕೇಶವಯ್ಯನವರು, ಬೇರೆಯವರನ್ನು ಕೂರಿಸೋಣ, ನೀವು ಟಪಾಲು ವಿಭಾಗಕ್ಕೆ ಹೋಗಿ ಎಂದಿದ್ದರು. ಎರಡಕ್ಕೂ ಸರಸಿಜಮ್ಮ ತಲೆಯಾಡಿಸಿ, ಮಾರನೆಯ ಬೆಳಿಗ್ಗೆ ಹತ್ತಕ್ಕೆ ಬಂದು ಮುಸುಕು ತೆಗೆದಿದ್ದರು.

ಇದೆಲ್ಲ ನನಗೆ ಗೊತ್ತಾದದ್ದು ಒಂದು ಉಪ್ಪಿನಕಾಯಿ ಜಾಡಿಯಿಂದ. ಅದರ ತಿರುಪಿನ ಮುಚ್ಚಳ ತೆಗೆಯಲಾಗದೆ ಅಂಗಡಿಗೆ ತಂದಿದ್ದರು. ಮುಚ್ಚಳ ಬಿಗಿಯಾಗೇನೂ ಇರಲಿಲ್ಲ, ನನ್ನ ಎರಡು ಬೆರಳಿಗೇ ತಿರುಗಿತು. ನಾನು ಅವರ ಕೈ ನೋಡಿದೆ. ಅವರು ಸೆರಗಿನೊಳಗೆ ಎಳೆದುಕೊಂಡರು. ಆಮೇಲೆ ಕೇಳಿದರು.

"ದಸ್ತಗೀರಣ್ಣ, ಮಿಷನ್ನಿನ ಅಕ್ಷರಗಳನ್ನ ಕಿತ್ತು ಬೇರೆ ಬೇರೆ ಕಡೆ ಕೂರಿಸೋಕಾಗುತ್ತಾ?"

ಆಗುತ್ತದೆ. ಪ್ರತಿ ಕೀಗೂ ಒಂದು ಕಡ್ಡಿ, ಕಡ್ಡಿಯ ತುದಿಗೆ ಅಕ್ಷರ ಕೊರೆದ ಸೀಸದ ಬಣ್ಣದ ಚೂರು, ಅದನ್ನು ಬೆಸುಗೆ ಹಾಕಿ ಹಿಡಿಸಿರುತ್ತಾರೆ. ಬೆಸುಗೆ ಕರಗಿಸಿದರೆ ಚೂರು ಕೈಗೆ ಬರುತ್ತದೆ. ಆದರೆ ಹಾಗೆ ಯಾಕೆ ಮಾಡಬೇಕು ಎಂದು ನಾನು ಕೇಳಿದೆ. ಅವರು ನನ್ನ ಮೇಜಿನ ಧೂಳಿನ ಮೇಲೆ ಬೆರಳಿನಿಂದ ಗೀಚಿ ತೋರಿಸಿದರು. ಒಂದು ಸಾಲು ಬರೆದರೂ ಐದಾರು ಸಲ ಬೇಕಾಗುವ ನ ಎಡಗೈಯ ಕಿರುಬೆರಳಿಗೆ ಬಿದ್ದಿತ್ತು. ರ ಅಂಕಿಗಳ ಕೆಳಗಿನ ಸಾಲಿನ ಕೊನೆಯಲ್ಲಿ, ಅದಕ್ಕೆ ಇಡೀ ಕೈ ಎತ್ತಿ ಚಾಚಬೇಕು. ಒತ್ತಕ್ಷರ ಕೂಡಿಸುವ ಕೀ ಬಲಗೈಯ ಕಿರುಬೆರಳಿಗೆ. ಕೈ ಅಲ್ಲಾಡಿಸದೆ ಸಿಗುವ ನಡುವಿನ ಸಾಲಿನಲ್ಲಿ, ಬಲಗೈಯ ತೋರುಬೆರಳಿನ ನೇರ ಕೆಳಗೆ, ಙ ಮತ್ತು ೠ ಕೂತಿದ್ದವು. ಆ ಕೀಯನ್ನು ಒತ್ತಿ ಹನ್ನೊಂದು ವರ್ಷವಾಯಿತು ಎಂದರು. ಯಾರು ಹೀಗೆ ಇಟ್ಟರೋ, ಅವರು ಟೈಪು ಮಾಡಿದವರಲ್ಲ ಎಂದು ಮಾತ್ರ ಹೇಳಿ ಜಾಡಿ ತೆಗೆದುಕೊಂಡು ಹೋದರು.

ಆದರೆ ಅವರು ಅದನ್ನು ಅಲ್ಲಿಗೇ ಬಿಡಲಿಲ್ಲ. ಮಿಷನ್ನನ್ನು ಮುಟ್ಟಲು ಕಚೇರಿಯ ಅಪ್ಪಣೆ ಬೇಕು. ಅಪ್ಪಣೆಗೆ ಅರ್ಜಿ ಬೇಕು. ಅರ್ಜಿ ಟೈಪು ಆಗಬೇಕು. ಹಾಗಾಗಿ ಒಂದು ಬುಧವಾರ ಮಧ್ಯಾಹ್ನ ಸರಸಿಜಮ್ಮ ತಮ್ಮದೇ ಅರ್ಜಿಯನ್ನು ಟೈಪು ಮಾಡಿದರು, ಊರೆಲ್ಲ ಅದನ್ನು ಕೆರೆಯ ಮೇಲೆ ಓದಿತು. ಅಕ್ಷರಗಳ ಜಾಗ ಬದಲಾಯಿಸಬೇಕೆಂದು ಕೇಳಿಕೊಳ್ಳುತ್ತೇನೆ ಎಂದು ಕೊನೆಯ ಹಕ್ಕಿ ಕೂತ ಮೇಲೆ ಪೇಟೆಯಲ್ಲಿ ಎಲ್ಲರದೂ ಅದೇ ಮಾತಾಯಿತು. ಕೀ ಬದಲಾದರೆ ಹಕ್ಕಿಗಳು ಏನು ಮಾಡುತ್ತವೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಹಿಂದೊಮ್ಮೆ ಕಚೇರಿಗೆ ಹೊಸ ಮಿಷನ್ನು ತರಿಸಿದ್ದರು. ಅದರಲ್ಲಿ ಟೈಪು ಮಾಡಿದರೆ ಒಂದು ಹಕ್ಕಿಯೂ ಎದ್ದಿರಲಿಲ್ಲ. ಆ ಕಾಗದಗಳನ್ನು ಜನ ವಾಪಸು ತಂದುಕೊಟ್ಟಿದ್ದರು, ಆ ಮಿಷನ್ನೂ ವಾಪಸು ಹೋಗಿತ್ತು.

ಮಾರನೆಯ ದಿನ ಬೆಳಿಗ್ಗೆ ಮಲ್ಲಾಜಮ್ಮ ನನ್ನ ಅಂಗಡಿಗೆ ಬಂದಳು. ಅವಳು ಕೆರೆಯ ಕೋಡಿಯ ಹತ್ತಿರ ಬಟ್ಟೆ ಒಗೆಯುವವಳು, ಎಪ್ಪತ್ತು ದಾಟಿದೆ. ಅವಳಿಗೆ ಓದು ಬರುತ್ತದೆ, ಆದರೆ ಕಾಗದದ ಮೇಲಿನದ್ದಲ್ಲ. ನಲವತ್ತು ವರ್ಷ ಒಗೆಯುವ ಕಲ್ಲಿನ ಪಕ್ಕ ನಿಂತು ಯಾವ ಜಾಗದ ಹಕ್ಕಿ ಎದ್ದರೆ ಯಾವ ಅಕ್ಷರ ಎಂದು ತಾನೇ ಕಲಿತವಳು. ಕಾಗದ ಕೈಗೆ ಕೊಟ್ಟರೆ ತಲೆಕೆಳಗೆ ಹಿಡಿಯುತ್ತಾಳೆ. ಕೆರೆ ಕಂಡರೆ ಶಿರಸ್ತೇದಾರರಿಗಿಂತ ಚೆನ್ನಾಗಿ ಓದುತ್ತಾಳೆ. ಅವಳು ಬಂದ ಹೊತ್ತಿಗೆ ಸರಸಿಜಮ್ಮನೂ ಅಲ್ಲೇ ಇದ್ದರು, ಅಕ್ಷರದ ಚೂರುಗಳ ಲೆಕ್ಕ ಬರೆಯುತ್ತಿದ್ದರು. ಮಲ್ಲಾಜಮ್ಮ ನನ್ನ ಕಡೆ ನೋಡದೆ ನೇರ ಅವರಿಗೇ ಹೇಳಿದಳು.

"ಜಾಗ ಬದಲಾದ್ರೆ ನನ್ನ ಓದು ಹೋಯ್ತದೆ ಕಣವ್ವ. ಈ ವಯಸ್ನಾಗೆ ಇನ್ನೊಂದು ಕಲಿಯೋಕಾಗಾಕಿಲ್ಲ."

ಸರಸಿಜಮ್ಮ ಇದನ್ನು ಯೋಚಿಸಿರಲಿಲ್ಲ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಪೆನ್ಸಿಲು ಕೆಳಗಿಟ್ಟರು. ಅರ್ಜಿಯನ್ನು ವಾಪಸು ತೆಗೆದುಕೊಳ್ಳುತ್ತೇನೆ, ನಿಮ್ಮ ಓದು ಕಿತ್ತುಕೊಂಡು ನನ್ನ ಕೈ ಉಳಿಸಿಕೊಳ್ಳಬೇಕಿಲ್ಲ ಎಂದು ಮೆಲ್ಲಗೆ ಹೇಳಿ ಎದ್ದರು. ಏಳುವಾಗ ಮೇಜಿನ ಅಂಚಿಗೆ ಊರಿದ ಎಡಗೈ ಹಿಡಿಯಲಿಲ್ಲ, ಒಂದು ಕ್ಷಣ ವಾಲಿದರು. ಮಲ್ಲಾಜಮ್ಮ ಆ ಕೈಯನ್ನು ಹಿಡಿದುಕೊಂಡಳು. ಬಟ್ಟೆ ಒಗೆಯುವ ಸೋಡಾದ ನೀರಿನಲ್ಲಿ ಕೈ ಸವೆಸಿಕೊಂಡವಳು, ಕೈ ನೋಡಿದರೆ ಅವಳಿಗೆ ಗೊತ್ತಾಗುತ್ತದೆ. ಹೆಬ್ಬೆರಳಿನಿಂದ ಒಂದೊಂದೇ ಗಿಣ್ಣನ್ನು ಒತ್ತಿ ನೋಡುತ್ತ ಹೋಗಿ ಕಿರುಬೆರಳಿಗೆ ಬಂದಾಗ ನಿಂತಳು.

"ಎರಡು ವರ್ಷದಿಂದ ಆ ನ ಹಕ್ಕಿ ತಡವಾಗಿ ಏಳ್ತದೆ. ಪಾಪ, ವಯಸ್ಸಾಯ್ತು ಅಂದ್ಕಂಡಿದ್ದೆ. ನಿನ್ನ ಬೆರಳಾ ಅದು?"

ಸರಸಿಜಮ್ಮ ಹೌದೆಂದರು. ಮಲ್ಲಾಜಮ್ಮ ಬಾಗಿಲಿನ ಕಡೆ ತಿರುಗಿ, ಜಾಗ ಬದಲಾಗಲಿ, ಯಾವ ಹಕ್ಕಿ ದಿನಕ್ಕೆ ಎಷ್ಟು ಸಲ ಏಳುತ್ತದೆಂದು ನಾನೇ ಎಣಿಸಿ ಹೇಳುತ್ತೇನೆ ಎಂದಳು.

ಮೂರು ಬಗೆಯ ಜೋಡಣೆಗಳು ಸರಸಿಜಮ್ಮನ ಮುಂದಿದ್ದವು. ಒಂದು ಶಿರಸ್ತೇದಾರರು ಹೇಳಿದ್ದು. ಬದಲಾಯಿಸುವುದೇ ಆದರೆ ವರ್ಣಮಾಲೆಯ ಕ್ರಮದಲ್ಲಿ ಇಡಿ, ಕ ಆದಮೇಲೆ ಖ, ಖ ಆದಮೇಲೆ ಗ, ಯಾರಿಗೂ ಗೊಂದಲವಿಲ್ಲ ಎಂಬುದು ಅವರ ಮಾತು. ನೋಡಲು ಚೆಂದ, ಆದರೆ ಒಳ್ಳೆಯ ಜಾಗಗಳನ್ನೆಲ್ಲ ಖ, ಘ, ಛ, ಝ ತುಂಬಿಕೊಳ್ಳುತ್ತಿದ್ದವು. ಎರಡನೆಯದು ಹೊರಗಿನ ಯಾವುದೋ ಟೈಪಿಂಗ್ ಶಾಲೆಯಿಂದ ಅಂಚೆಯಲ್ಲಿ ತರಿಸಿದ ಹಾಳೆ. ಅದನ್ನು ಮಾಡಿದವರು ಪುಸ್ತಕಗಳ ಅಕ್ಷರ ಎಣಿಸಿದ್ದರು. ನಮ್ಮೂರಿನ ಕಾಗದಗಳು ಪುಸ್ತಕವಲ್ಲ. ಇಲ್ಲಿ ಪ್ರತಿಯೊಂದು ಅರ್ಜಿಯೂ ಕೇಳಿಕೊಳ್ಳುತ್ತೇನೆ ಎಂದು ಮುಗಿಯುತ್ತದೆ, ಆದ್ದರಿಂದ ಆ ಹಾಳೆ ಮೂಲೆಗೆ ತಳ್ಳಿದ ಳ ನಮ್ಮಲ್ಲಿ ಬೆಳಗಿನಿಂದ ಸಂಜೆವರೆಗೆ ದುಡಿಯುತ್ತದೆ. ಮೂರನೆಯದು ಇನ್ನೂ ಇರಲಿಲ್ಲ, ಅದನ್ನು ನಾವೇ ಮಾಡಬೇಕಿತ್ತು.

ಮಲ್ಲಾಜಮ್ಮ ಒಂದು ಹಳೆಯ ಬೆಡ್‌ಶೀಟಿನ ಮೇಲೆ ಚೌಕ ಹಾಕಿಕೊಂಡಳು, ಹಕ್ಕಿಗೊಂದು. ಬಟ್ಟೆಗೆ ಮನೆಮನೆಯ ಗುರುತು ಹಾಕುವ ಕರಿಶಾಯಿಯಲ್ಲಿ, ಹಕ್ಕಿ ಎದ್ದಾಗೆಲ್ಲ ಆಯಾ ಚೌಕದಲ್ಲಿ ಒಂದು ಚುಕ್ಕಿ. ಒಗೆಯುವ ಕೆಲಸವನ್ನು ಸೊಸೆಗೆ ಬಿಟ್ಟು ಒಂದು ತಿಂಗಳು ಕಲ್ಲಿನ ಮೇಲೆ ಕೂತಳು. ತಿಂಗಳಾದ ಮೇಲೆ ಬೆಡ್‌ಶೀಟನ್ನು ನನ್ನ ಅಂಗಡಿಯ ನೆಲದ ಮೇಲೆ ಹಾಸಿದಾಗ ಸರಸಿಜಮ್ಮ ಬಾಯಿಗೆ ಸೆರಗು ಹಿಡಿದರು. ನ ಚೌಕ ಪೂರ್ತಿ ಕಪ್ಪಾಗಿತ್ತು, ಶಾಯಿ ಹಿಂದಿನ ಮಗ್ಗುಲಿಗೂ ಇಳಿದಿತ್ತು. ರ, ಳ, ದ, ತ, ಲ, ಗ ಹೆಚ್ಚುಕಡಿಮೆ ಹಾಗೇ. ಙ ಚೌಕ ಒಗೆದಿಟ್ಟ ಬಟ್ಟೆಯ ಹಾಗೆ ಬೆಳ್ಳಗಿತ್ತು. ಇಪ್ಪತ್ತಾರು ವರ್ಷದ ಅವರ ಕೈಯ ದುಡಿಮೆ ಅಷ್ಟಗಲ ನೆಲದ ಮೇಲೆ ಬಿದ್ದುಕೊಂಡಿತ್ತು. ನಾವು ಮೂವರೂ ಚಪ್ಪಲಿ ಬಿಟ್ಟು ಅದರ ಸುತ್ತ ಕೂತೆವು.

ಜೋಡಣೆ ಮಾಡಲು ಎಂಟು ದಿನ ಹಿಡಿಯಿತು. ಹೆಚ್ಚು ದುಡಿಯುವ ಅಕ್ಷರ ನಡುವಿನ ಸಾಲಿಗೆ, ಬಲವಾದ ಬೆರಳಿಗೆ. ಇದು ಸುಲಭ. ಆಮೇಲೆ ಸರಸಿಜಮ್ಮ ಒಂದು ಮಾತು ಹೇಳಿದರು. ನಾವು ಮೊದಲು ವ್ಯಂಜನ ಒತ್ತುತ್ತೇವೆ, ಹಿಂದೆಯೇ ಅದರ ಕೊಂಬೋ ಗುಡಿಸೋ ಒತ್ತುತ್ತೇವೆ. ಹಾಗಾದರೆ ವ್ಯಂಜನಗಳೆಲ್ಲ ಬಲಗೈಗೆ, ಕೊಂಬು ಗುಡಿಸುಗಳೆಲ್ಲ ಎಡಗೈಗೆ ಇಟ್ಟರೆ ಒಂದು ಕೈ ಕೆಲಸ ಮಾಡುವಾಗ ಇನ್ನೊಂದು ಕೈ ಅರೆಗಳಿಗೆ ಸುಧಾರಿಸಿಕೊಳ್ಳುತ್ತದಲ್ಲ? ಬಲಗಡೆ ಹಿಡಿಸದೆ ಉಳಿದ, ಅಪರೂಪಕ್ಕೆ ಬೇಕಾಗುವ ವ್ಯಂಜನಗಳು ಎಡಗಡೆಯ ಅಂಚಿಗೆ ಹೋದವು. ಎಲ್ಲಕ್ಕಿಂತ ಮೇಲೆ ಅಂಕಿಗಳಿರುವ ಸಾಲನ್ನು ಮುಟ್ಟಬಾರದೆಂದು ಮೂವರೂ ಒಪ್ಪಿದೆವು.

ನಾನು ಒಂದು ಹಲಗೆಯ ಮೇಲೆ ಅಂಗಿಯ ಗುಂಡಿಗಳನ್ನು ಅಂಟಿಸಿ ಅಕ್ಷರ ಬರೆದುಕೊಟ್ಟೆ. ಸರಸಿಜಮ್ಮ ಊಟದ ಬಿಡುವಿನಲ್ಲಿ ಮಿಷನ್ನಿನ ಪಕ್ಕ ಹಲಗೆ ಇಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರು. ಗುಂಡಿ ಒತ್ತಿದರೆ ಯಾವ ಹಕ್ಕಿಯೂ ಏಳುವುದಿಲ್ಲ, ಅದು ಬರೀ ಹಲಗೆ. ಆದರೆ ನಾಲ್ಕನೆಯ ದಿನ ಮಲ್ಲಾಜಮ್ಮ ಏದುಸಿರು ಬಿಡುತ್ತ ಅಂಗಡಿಗೆ ಬಂದು ನನ್ನನ್ನು ಏರಿಗೆ ಕರೆದುಕೊಂಡು ಹೋದಳು. ಮಧ್ಯಾಹ್ನದ ಬಿಸಿಲು. ಕಚೇರಿಯ ಕಿಟಕಿಯೊಳಗೆ ಸರಸಿಜಮ್ಮನ ತಲೆ ಬಗ್ಗಿತ್ತು. ಕೆರೆಯ ಮೇಲೆ ಹಕ್ಕಿಗಳು ಕೂತಲ್ಲೇ ಕೂತಿದ್ದವು, ಆದರೆ ಒಂದೊಂದಾಗಿ ಕತ್ತು ತಿರುಗಿಸುತ್ತಿದ್ದವು. ನ ಹಕ್ಕಿ ಬಲಕ್ಕೆ, ನಡುವಿನ ಸಾಲಿನ ಕಡೆಗೆ ನೋಡಿತು. ರ ಹಕ್ಕಿ ಕೆಳಕ್ಕೆ ನೋಡಿತು. ಯಾವ ಅಕ್ಷರ ಎಲ್ಲಿಗೆ ಹೋಗಬೇಕಿತ್ತೋ ಆ ಅಕ್ಷರದ ಹಕ್ಕಿ ಆ ನೀರನ್ನೇ ನೋಡುತ್ತಿತ್ತು.

ಶಿರಸ್ತೇದಾರರು ಮಾತ್ರ ಒಪ್ಪಲು ಹಿಂದೆ ಮುಂದೆ ನೋಡುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ಊರಿಗೆ ಇರುವುದು ಒಂದೇ ಮಿಷನ್ನು, ಒಂದೇ ಕೆರೆ, ಅದನ್ನು ತಮ್ಮ ಕಾಲದಲ್ಲಿ ಹಾಳುಮಾಡಿದರು ಎಂಬ ಮಾತು ಬರಬಾರದೆಂಬ ಭಯ. ಸರಸಿಜಮ್ಮನನ್ನೂ ನನ್ನನ್ನೂ ಎದುರಿಗೆ ನಿಲ್ಲಿಸಿಕೊಂಡು ಕೇಳಿದರು.

"ಹಕ್ಕಿ ಹೊರಟುಹೋದ್ರೆ ನಾನು ಊರಿಗೆ ಏನಮ್ಮಾ ಹೇಳಲಿ?"

"ನನ್ನ ಕೈ ಹೋದ್ರೆ ಏನು ಹೇಳ್ತಿದ್ರಿ ಸಾರ್?" ಎಂದರು ಸರಸಿಜಮ್ಮ. ದನಿ ಏರಿಸಲಿಲ್ಲ. ನಿಜವಾಗಿಯೂ ಉತ್ತರ ತಿಳಿದುಕೊಳ್ಳಬೇಕು ಎನ್ನುವ ಹಾಗಿತ್ತು.

ಶಿರಸ್ತೇದಾರರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಸಹಿ ಹಾಕಿದರು.

ಕೆಲಸಕ್ಕೆ ಇಟ್ಟುಕೊಂಡದ್ದು ಒಂದು ಭಾನುವಾರ. ರಜೆಯಾದರೂ ಮುಸುಕು ತೆಗೆದೆವು, ಹಕ್ಕಿಗಳು ಇಳಿದವು. ಕಿಟಕಿಯ ಕೆಳಗೆ ಇದ್ದಿಲ ಒಲೆ ಹಚ್ಚಿ ಬೆಸುಗೆಯ ಕಬ್ಬಿಣ ಕಾಯಿಸಿದೆ. ಮೊದಲು ತೆಗೆದದ್ದು ನ. ಬೆಸುಗೆ ಕರಗಿ ಚೂರು ಚಿಮಟದ ತುದಿಗೆ ಬಂದ ಕ್ಷಣ ಕೆರೆಯಲ್ಲಿ ನ ಹಕ್ಕಿ ಎದ್ದಿತು. ಒಂದು ಸುತ್ತು ಹಾಕಿತು. ಕೂರಲು ಬಂದು, ಕೂರದೆ, ಮತ್ತೆ ಮೇಲೆ ಹೋಯಿತು. ಇನ್ನೊಂದು ಸುತ್ತು, ಮತ್ತೊಂದು ಸುತ್ತು. ನಾನು ಸರಸಿಜಮ್ಮನ ಮುಖ ನೋಡಿದೆ. ಮುಂದುವರಿಸಿ ಎಂದು ಕಣ್ಣಿನಲ್ಲೇ ಹೇಳಿದರು. ರ ತೆಗೆದೆ, ಅದೂ ಎದ್ದಿತು, ಅದೂ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೂವತ್ತಾರು ಅಕ್ಷರದ ಚೂರುಗಳು ನನ್ನ ತಟ್ಟೆಯಲ್ಲಿದ್ದವು, ಮೂವತ್ತಾರು ಹಕ್ಕಿಗಳು ಆಕಾಶದಲ್ಲಿದ್ದವು. ಅಂಕಿಗಳ ಹತ್ತು ಹಕ್ಕಿ ಮಾತ್ರ ತಮ್ಮ ಸಾಲಿನಲ್ಲಿ ಕೂತು ಕತ್ತೆತ್ತಿ ನೋಡುತ್ತಿದ್ದವು.

ಅಷ್ಟು ಖಾಲಿ ಕೆರೆಯನ್ನು ನಾನು ಹಗಲಿನಲ್ಲಿ ಕಂಡಿರಲಿಲ್ಲ. ನೀರಿನಲ್ಲಿ ಆಕಾಶ ಪೂರ್ತಿ ಕಾಣುತ್ತಿತ್ತು, ಅದರೊಳಗೂ ಹಕ್ಕಿಗಳು ಸುತ್ತುತ್ತಿದ್ದವು. ಜನ ಏರಿಯ ಮೇಲೆ ಬಂದು ನಿಂತರು. ಅಂಗಡಿಯವರು ಅಂಗಡಿ ಬಿಟ್ಟು ಬಂದರು, ಬಾಣಂತಿಯರು ಕೂಸು ಎತ್ತಿಕೊಂಡು ಬಂದರು. ರೆಕ್ಕೆಗಳ ಸದ್ದು ಕಚೇರಿಯ ಒಳಗೂ ಕೇಳುತ್ತಿತ್ತು, ದೂರದಲ್ಲಿ ಎಲ್ಲೋ ಜೋಳ ಕೇರುವ ಹಾಗೆ.

ಎರಡು ಗಂಟೆಯ ಹೊತ್ತಿಗೆ ಮಲ್ಲಾಜಮ್ಮ ಕಿಟಕಿಯ ಹೊರಗೆ ಬಂದು ನಿಂತು, ನ ಹಕ್ಕಿ ಸೋತಿದೆ ಎಂದಳು. ಎಲ್ಲಕ್ಕಿಂತ ಹೆಚ್ಚು ದುಡಿದು ಬಡವಾದ ಹಕ್ಕಿ ಅದು, ಎಲ್ಲಕ್ಕಿಂತ ಮೊದಲು ಎದ್ದದ್ದೂ ಅದೇ. ಈಗ ಎಷ್ಟು ಕೆಳಗೆ ಹಾರುತ್ತಿತ್ತೆಂದರೆ ರೆಕ್ಕೆಯ ತುದಿ ನೀರಿಗೆ ತಾಗುತ್ತಿತ್ತು. ನಾನು ಎಡಗಡೆಯಿಂದ ಸಾಲಾಗಿ ಬೆಸೆಯಬೇಕೆಂದಿದ್ದೆ. ಅದನ್ನು ಬಿಟ್ಟು ನ ತೆಗೆದುಕೊಂಡೆ. ಮೊದಲ ಬೆಸುಗೆ ಓರೆಯಾಯಿತು. ಎರಡನೆಯದು ಹಿಡಿಯಲಿಲ್ಲ, ಕಡ್ಡಿ ಅಲ್ಲಾಡುತ್ತಿತ್ತು. ಸರಸಿಜಮ್ಮ ಎದ್ದು ಬಂದು ಕಡ್ಡಿಯ ತುದಿಯನ್ನು ತಮ್ಮ ಎರಡು ಕೈಗಳಿಂದ ಹಿಡಿದರು. ಕಾದ ಕಬ್ಬಿಣ ಬೆರಳಿಗೆ ಒಂದಂಗುಲ ದೂರ. ಅವರ ಮಣಿಕಟ್ಟಿನ ನರ ಎದ್ದು ಕಾಣುತ್ತಿತ್ತು, ಹಣೆಯಿಂದ ಬೆವರು ಇಳಿಯುತ್ತಿತ್ತು. ಆದರೆ ಕಡ್ಡಿ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಬೆಸುಗೆ ಕೂತಿತು. ಆರುವವರೆಗೂ ಅವರು ಕೈ ಬಿಡಲಿಲ್ಲ.

ಹೊರಗೆ ನೂರಾರು ಜನ ಒಟ್ಟಿಗೆ ಉಸಿರು ಬಿಟ್ಟದ್ದು ಕೇಳಿಸಿತು. ಕಿಟಕಿಯಿಂದ ನೋಡಿದೆ. ನ ಹಕ್ಕಿ ಖಾಲಿ ಕೆರೆಯ ಮೇಲೆ, ನಡುವಿನ ಸಾಲು ಇರಬೇಕಾದ ಕಡೆ, ಬಲಗೈಯ ತೋರುಬೆರಳಿನ ಜಾಗದಲ್ಲಿ ನಿಧಾನವಾಗಿ ಇಳಿದು ಕೂತಿತು. ಹಳೆಯ ಜಾಗದ ಕಡೆ ತಿರುಗಿಯೂ ನೋಡಲಿಲ್ಲ. ರೆಕ್ಕೆ ಮಡಿಚಿ, ಕೊಕ್ಕನ್ನು ಬೆನ್ನಿನ ಪುಕ್ಕದೊಳಗೆ ಇಟ್ಟು ನಿದ್ದೆ ಹೋಯಿತು.

ಅಲ್ಲಿಂದ ಮುಂದೆ ಒಂದು ಬೆಸುಗೆಯೂ ತಪ್ಪಲಿಲ್ಲ. ಒಂದೊಂದು ಚೂರು ಬೆಸೆದಂತೆ ಒಂದೊಂದು ಹಕ್ಕಿ ಇಳಿಯಿತು. ಹಿಂದೆಂದೂ ಅಕ್ಕಪಕ್ಕ ಕೂರದವು ಅಕ್ಕಪಕ್ಕ ಕೂತವು. ಕಡ್ಡಿಗಳನ್ನೆಲ್ಲ ಸರಸಿಜಮ್ಮನೇ ಹಿಡಿದರು, ಬೇಡವೆಂದರೂ ಕೇಳಲಿಲ್ಲ. ಬಿಸಿಲು ಕೆಂಪಾಗುವ ಹೊತ್ತಿಗೆ ಉಳಿದದ್ದು ಙ ಒಂದೇ. ಹನ್ನೊಂದು ವರ್ಷ ಒಂದು ಸುತ್ತೂ ಹಾಕದೆ ಕೂತು ಮೈ ಬೆಳೆಸಿಕೊಂಡ ಹಕ್ಕಿ ಮೊದಲೇ ಬಿದ್ದುಹೋಗುತ್ತದೆಂದು ನಾವು ಹೆದರಿದ್ದೆವು. ಅದು ಎಲ್ಲಕ್ಕಿಂತ ಎತ್ತರದಲ್ಲಿ, ಒಂದೇ ಹದದಲ್ಲಿ, ಈ ದಿನಕ್ಕಾಗಿಯೇ ಕಾದಿದ್ದ ಹಾಗೆ ಸುತ್ತುತ್ತಿತ್ತು. ಚೂರು ಬೆಸೆದು ಆರಿದ ಮೇಲೂ ಎರಡು ಸುತ್ತು ಹೆಚ್ಚಿಗೆ ಹಾಕಿ ಆಮೇಲೆ ಮೂಲೆಗೆ ಇಳಿಯಿತು.

ಇದಾದ ಮೇಲೆ ಎಲ್ಲ ಸರಿಹೋಯಿತೆಂದರೆ ಸುಳ್ಳಾಗುತ್ತದೆ. ಇಪ್ಪತ್ತಾರು ವರ್ಷದ ಅಭ್ಯಾಸ ಬೆರಳಿನಿಂದ ಹೋಗುವುದಿಲ್ಲ. ಮೊದಲ ದಿನ ಒಂದು ಅರ್ಜಿಗೆ ಅರ್ಧ ದಿನ ಹಿಡಿಯಿತು. ನೀರು ಎಂದು ಒತ್ತಲು ಹೋಗಿ ಆಕಾಶದಲ್ಲಿ ಅರ್ಥವಿಲ್ಲದ್ದೇನೋ ಏಳುತ್ತಿತ್ತು. ಜೀವನದಲ್ಲಿ ಮೊದಲ ಬಾರಿಗೆ ಅವರು ಕಾಗದ ಹರಿದು ಬುಟ್ಟಿಗೆ ಹಾಕಿದರು, ಒಂದಲ್ಲ, ಹತ್ತು. ಜಗುಲಿಯಲ್ಲಿ ಕಾದವರು ಗೊಣಗಿದರು. ಟಪಾಲು ವಿಭಾಗದ ಮಾತು ಮತ್ತೆ ಬಂತು. ಮಲ್ಲಾಜಮ್ಮ ಕೆರೆಗೆ ಬೆನ್ನು ಹಾಕಿ ಬಟ್ಟೆ ಒಗೆಯತೊಡಗಿದಳು. ಅದನ್ನು ಸರಸಿಜಮ್ಮ ಕಿಟಕಿಯಿಂದ ಕಂಡರು.

ಮಾರನೆಯ ದಿನದಿಂದ ಅವರು ಒಂಬತ್ತೂವರೆಗೇ ಬಂದು ಮುಸುಕು ತೆಗೆಯತೊಡಗಿದರು. ಕಚೇರಿಯ ಕೆಲಸಕ್ಕೆ ಮೊದಲು ಅರ್ಧ ಗಂಟೆ, ನಿಧಾನವಾಗಿ, ಕಾಗುಣಿತ. ಕ ಕಾ ಕಿ ಕೀ. ಒಂದು ಹಕ್ಕಿ ಎದ್ದು ಕೂರುವಷ್ಟು ಹೊತ್ತು, ಕೀಗಳ ಮೇಲೇ ಕಣ್ಣಿಟ್ಟು ಕಾದು ಮುಂದಿನದು. ತಮ್ಮ ಬೆರಳಿಗೂ ಪಾಠ, ಒಗೆಯುವ ಕಲ್ಲಿನ ಹತ್ತಿರ ಇದ್ದವಳಿಗೂ ಪಾಠ. ಮಲ್ಲಾಜಮ್ಮ ಎರಡು ದಿನ ತಿರುಗಿ ನೋಡಲಿಲ್ಲ. ಮೂರನೆಯ ದಿನ ಬಟ್ಟೆ ಕೆಳಗಿಟ್ಟು ತಿರುಗಿದಳು. ಅವಳ ಸೊಸೆಯೂ ಪಕ್ಕದಲ್ಲಿ ನಿಂತಳು. ವಾರ ಕಳೆಯುವುದರೊಳಗೆ ಏರಿಯ ಮೇಲೆ ಹತ್ತಿಪ್ಪತ್ತು ಜನ, ಹಳೆಯ ಜಾಗಗಳನ್ನು ಮರೆಯುತ್ತ, ಹೊಸದನ್ನು ಬಾಯಲ್ಲಿ ಹೇಳಿಕೊಳ್ಳುತ್ತ ನಿಲ್ಲುವಂತಾಯಿತು. ಶಿರಸ್ತೇದಾರರೂ ಬರುತ್ತಿದ್ದರು, ವಾಕಿಂಗ್ ಬಂದೆ ಎನ್ನುತ್ತಿದ್ದರು.

ಎಂಟನೆಯ ವಾರ ಇರಬೇಕು. ಮಲ್ಲಾಜಮ್ಮನ ಇಸ್ತ್ರಿ ಪೆಟ್ಟಿಗೆಯ ಕೊಂಡಿ ಮುರಿದಿತ್ತು, ಅದನ್ನು ಹಾಕಿಕೊಡಲು ಕೋಡಿಯ ಹತ್ತಿರ ಹೋಗಿದ್ದೆ. ಕಚೇರಿಯಲ್ಲಿ ಒಂದು ಮೋರಿ ರಿಪೇರಿಯ ಕಾಗದ ನಡೆಯುತ್ತಿತ್ತು. ನಾನು ತಲೆ ಎತ್ತದೆ ಕೊಂಡಿ ಬಡಿಯುತ್ತಿದ್ದೆ. ಮಲ್ಲಾಜಮ್ಮ ನನ್ನ ಭುಜ ಮುಟ್ಟಿದಳು.

ಮೊದಲು ಒಂದು ಹಕ್ಕಿ ಎದ್ದು ಕೂತ ಮೇಲೆ ಇನ್ನೊಂದು ಏಳುತ್ತಿತ್ತು. ಆಕಾಶದಲ್ಲಿ ಯಾವಾಗಲೂ ಇರುತ್ತಿದ್ದದ್ದು ಒಂದೇ ಅಕ್ಷರ. ಈಗ ಬಲಗಡೆಯಿಂದ ಒಂದು ಎದ್ದು ಅರ್ಧ ಸುತ್ತು ಹೋಗುವಷ್ಟರಲ್ಲಿ ಎಡಗಡೆಯಿಂದ ಅದರ ಕೊಂಬಿನ ಹಕ್ಕಿ ಎದ್ದು ಅದನ್ನು ಹಾದುಹೋಗುತ್ತಿತ್ತು, ಅಷ್ಟರಲ್ಲಿ ಬಲದಿಂದ ಇನ್ನೊಂದು, ಎಡದಿಂದ ಮತ್ತೊಂದು. ಏರಿಯ ನಡುಭಾಗದ ನೆತ್ತಿಯ ಮೇಲೆ, ಎರಡೂ ಕಡೆಯ ಎಳೆಗಳು ಒಂದರ ಮೇಲೊಂದು ಬಂದು ಜಡೆ ಹೆಣೆದಂತೆ ಹೆಣೆದುಕೊಳ್ಳುತ್ತಿದ್ದವು. ಒಂದು ಇಡೀ ಪದ ಒಂದೇ ಸಲ ಆಕಾಶದಲ್ಲಿ ನಿಂತಿತ್ತು. ಅದು ಬಿಚ್ಚಿಕೊಳ್ಳುವ ಮೊದಲೇ ನೀರು ನಡುಗಿ ಮುಂದಿನ ಪದ ಎದ್ದಿತು. ನನ್ನ ಕೈಯ ಸುತ್ತಿಗೆ ಕೆಳಗಿಟ್ಟದ್ದು ನನಗೆ ನೆನಪಿಲ್ಲ.

ಮಲ್ಲಾಜಮ್ಮನ ತುಟಿ ಅಲುಗುತ್ತಿತ್ತು. ಮೋರಿ, ಕಲ್ಲು, ಕುಸಿದು, ಎಂದು ಅವಳು ಮೊದಲ ಬಾರಿಗೆ ಅಕ್ಷರ ಬಿಡಿಸದೆ ಮಾತನ್ನೇ ಓದುತ್ತಿದ್ದಳು. ಆಮೇಲೆ ಸಾಲಿನ ನಡುವೆ ಹಕ್ಕಿಗಳು ಒಂದು ಗಳಿಗೆ ನಿಂತವು. ಮತ್ತೆ ಎದ್ದಾಗ ಮೊದಲಿಗಿಂತ ಮೆಲ್ಲಗೆ, ಒಂದೊಂದೇ ಪದವಾಗಿ ಎದ್ದವು. ಮಲ್ಲಾಜಮ್ಮ ಕಣ್ಣು ಕಿರಿದು ಮಾಡಿಕೊಂಡು ಓದಿದಳು.

"ಇವತ್ತು. ಕೈ. ನೋವಿಲ್ಲ."

ಅವಳು ನನ್ನ ಕಡೆ ತಿರುಗಿ, ಇದು ಮೋರಿಯದ್ದಲ್ಲ ಅಲ್ಲವೇನಪ್ಪ ಎಂದು ಕೇಳಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. ಏರಿಯ ಮೇಲೆ ಅಲ್ಲಲ್ಲಿ ನಿಂತಿದ್ದವರೂ ಅದನ್ನು ಓದಿದ್ದರು, ಎತ್ತಿನ ಗಾಡಿಯವನೊಬ್ಬ ಗಾಡಿ ನಿಲ್ಲಿಸಿಬಿಟ್ಟಿದ್ದ.

ನಾನು ಕಚೇರಿಗೆ ಹೋದೆ. ಸರಸಿಜಮ್ಮ ಮೋರಿಯ ಕಾಗದ ಮುಗಿಸಿ, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದರು. ನಾನು ಬಂದದ್ದು ತಿಳಿದರೂ ತಿರುಗಲಿಲ್ಲ. ಹಳೆಯ ಜೋಡಣೆಯಲ್ಲಿ ಬೆರಳು ಚಾಚುವಾಗಲೆಲ್ಲ ಕೀ ನೋಡಲೇಬೇಕಿತ್ತಂತೆ, ತಲೆ ಎತ್ತುವಷ್ಟರಲ್ಲಿ ಹಕ್ಕಿ ಕೂತಿರುತ್ತಿತ್ತಂತೆ. ಈ ದಿನ ಗೊತ್ತಿಲ್ಲದೆ ತಲೆ ಎತ್ತಿದರು, ಬೆರಳುಗಳು ತಾವಾಗಿ ನಡೆದೇ ಇದ್ದವು.

"ನಾನು ಒತ್ತುವಾಗ ಇವು ಏಳೋದನ್ನ ಇವತ್ತೇ ನೋಡಿದ್ದು ದಸ್ತಗೀರಣ್ಣ," ಎಂದರು. "ನಾನು ಮಾಡ್ತಿರೋದು ಇದೇ ಅಂತ ಗೊತ್ತೇ ಇರಲಿಲ್ಲ."

ಶಿರಸ್ತೇದಾರರು ಒಳಕೋಣೆಯಿಂದ ಬಂದು ಮಿಷನ್ನಿನಿಂದ ಕಾಗದ ಎಳೆದು ಓದಿದರು. ಮೋರಿಯ ಕಲ್ಲುಗಳ ವಿವರದ ಮಧ್ಯೆ ಆ ಮೂರು ಪದ ಅಚ್ಚುಕಟ್ಟಾಗಿ ಕೂತಿದ್ದವು. ಸರಸಿಜಮ್ಮ ಎದ್ದು ನಿಂತು, ಬೇರೆ ಕಾಗದ ಮಾಡಿಕೊಡುತ್ತೇನೆ ಎಂದರು. ಶಿರಸ್ತೇದಾರರು ಬೇಡವೆಂದು ಕೈಯಾಡಿಸಿದರು. ಹಕ್ಕಿ ಎದ್ದಾಗಿದೆ, ಊರು ಓದಿಯಾಗಿದೆ, ಇನ್ನು ಹೊಡೆದುಹಾಕುವುದು ಹೇಗೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಅಡಿಯಲ್ಲಿ ಸಹಿ ಹಾಕಿ ಮೊಹರು ಒತ್ತಿದರು. ಸರಸಿಜಮ್ಮ ಹೊಸ ಹಾಳೆ ಸುತ್ತಿದರು. ಮೊದಲ ಕೀ ಒತ್ತುವಾಗಲೂ ಅವರ ಕಣ್ಣು ಕೆರೆಯ ಮೇಲೇ ಇತ್ತು.